ಹೆಸರು ಹೇಳಿ ಬರೆದ ನೋವು

ಕನ್ನಡದ ವಾರಪತ್ರಿಕೆಗಳಲ್ಲಿ ಬಹಳ ವರ್ಷಗಳ ಕಾಲ ಒಂದು ಅಂಕಣಕ್ಕೆ ತಪ್ಪದ ಓದುಗರಿದ್ದರು. ಓದುಗರು ಕಾಗದ ಬರೆದು ಮನಸ್ಸಿನ ತೊಂದರೆ ಹೇಳಿಕೊಳ್ಳುವುದು, ಮನೋವೈದ್ಯರು ಅದಕ್ಕೆ ಉತ್ತರಿಸುವುದು. ನಿದ್ದೆ ಬರುವುದಿಲ್ಲ, ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗುತ್ತದೆ, ಹೆರಿಗೆಯಾದಾಗಿನಿಂದ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ಯಾರೋ ಬೈದಂತೆ ಕಿವಿಯಲ್ಲಿ ಕೇಳಿಸುತ್ತದೆ, ಬದುಕೇ ಬೇಡವೆನಿಸುತ್ತದೆ. ಉತ್ತರ ಸಾಮಾನ್ಯವಾಗಿ ನಾಲ್ಕೈದು ಸಾಲಿನದು. ಆದರೆ ಆ ಅಂಕಣದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತಿದ್ದುದು ಪ್ರಶ್ನೆಯ ಕೆಳಗಿನ ಎರಡು ಪದ: 'ಹೆಸರು ಬೇಡ'. ಕೆಲವರಂತೂ ಹೆಸರೂ ಬೇಡ, ಊರೂ ಬೇಡ ಎಂದು ಕೇಳಿಕೊಳ್ಳುತ್ತಿದ್ದರು.

ಊರು ಬೇಡ ಎನ್ನುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಒಂದು ಹಳ್ಳಿಯನ್ನು ನೆನೆದರೆ ಸಾಕು. ಬಯಲುಸೀಮೆಯ ಇಂಥ ಊರಿನಲ್ಲಿ ಯಾವ ಬಸ್ಸಿಗೆ ಯಾರ ಮನೆಗೆ ಯಾವ ನೆಂಟರು ಬಂದರು, ಯಾರು ಯಾವ ಆಸ್ಪತ್ರೆಗೆ ಹೋದರು ಎಂಬುದು ಸಂಜೆಯೊಳಗೆ ಜಗಲಿಕಟ್ಟೆಗೆ ತಲುಪಿರುತ್ತದೆ. ಕಾಲು ಮುರಿದರೆ, ಕಾಮಾಲೆಯಾದರೆ ಊರೇ ಬಂದು ವಿಚಾರಿಸುತ್ತದೆ. ಮನಸ್ಸು ಮುರಿದಾಗ ಮಾತ್ರ ಮನೆಯವರೇ ಬಾಗಿಲು ಮುಂದಕ್ಕೆ ಮಾಡುತ್ತಾರೆ. ಗಾಳಿ ಸೋಕಿದೆ ಎಂದು ಒಬ್ಬರು, ಯಾರೋ ಮಾಡಿಸಿದ್ದಾರೆ ಎಂದು ಇನ್ನೊಬ್ಬರು, ಮೈಮೇಲೆ ದೇವರು ಬರುತ್ತದೆ ಎಂದು ಮತ್ತೊಬ್ಬರು. ಬೆಂಗಳೂರಿಗೆ ತೋರಿಸಲು ಕರೆದೊಯ್ದರೂ ಊರಿಗೆ ಹೇಳುವುದು ಹೊಟ್ಟೆನೋವು ಎಂದೇ. ಮನೆಯಲ್ಲಿ ಮದುವೆಗೆ ಬೆಳೆದ ಮಕ್ಕಳಿದ್ದರಂತೂ ಮುಗಿಯಿತು. ಹೆಣ್ಣು ನೋಡಲು ಬರುವವರು ಹೊಲ ಎಷ್ಟು ಎಕರೆ ಎಂದು ಕೇಳುವ ಮೊದಲು ಮನೆತನದಲ್ಲಿ ಯಾರಿಗಾದರೂ ತಲೆ ಸರಿಯಿರಲಿಲ್ಲವೇ ಎಂದು ಪಕ್ಕದ ಊರಿನಲ್ಲಿ ಕೇಳಿಕೊಂಡೇ ಬಂದಿರುತ್ತಾರೆ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ಬೇಕಾಗಿಯೂ ಸಿಗದೆ ಉಳಿದವರ ಪ್ರಮಾಣ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಾದರೂ, ಹೆಚ್ಚಿನವುಗಳಲ್ಲಿ ಶೇ 70ರಿಂದ 92ರವರೆಗೆ. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣ, ಬಸ್ ಚಾರ್ಜು ಇನ್ನೊಂದು. ಹೇಳಿಕೊಳ್ಳಲು ನಾಲಿಗೆ ಏಳದಿರುವುದು ಇವೆರಡಕ್ಕೂ ಮೊದಲಿನದು. ಹಾಗಾದರೆ ಈ ನಾಡಿನಲ್ಲಿ ಮನಸ್ಸಿನ ನೋವನ್ನು 'ನನಗೆ ಹೀಗಾಯಿತು' ಎಂದು ಹೆಸರು ಸಹಿತ ಹೇಳಿಕೊಂಡವರು ಯಾರು? ಯಾವಾಗಿನಿಂದ?

ಮೊದಲಿಗೆ ಈ ವಿಷಯ ಕಾಣಿಸಿಕೊಂಡದ್ದು ಸರ್ಕಾರಿ ಕಡತಗಳಲ್ಲಿ. ಬೆಂಗಳೂರಿನಲ್ಲಿ 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಕಾಲದಲ್ಲಿ ಆರಂಭವಾದ 'ಲುನಾಟಿಕ್ ಅಸೈಲಂ' ಇಂದಿನ ನಿಮ್ಹಾನ್ಸ್‌ನ ಮೂಲ. ಜನ ಅದನ್ನು ಕರೆದದ್ದು ಹುಚ್ಚಾಸ್ಪತ್ರೆ ಎಂದು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮೆಂಟಲ್ ಹಾಸ್ಪಿಟಲ್ ಎಂದು ಮರುನಾಮಕರಣ ಮಾಡಿತು. ಅದು ಹೊಸೂರು ರಸ್ತೆಯ ಹೊಸ ಕಟ್ಟಡಗಳಿಗೆ ಬಂದದ್ದು 1930ರ ದಶಕದಲ್ಲಿ. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಟ್ಟದ ತರಬೇತಿ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಆಸ್ಪತ್ರೆ ಇತ್ತು. 'ಇವನನ್ನ ಧಾರವಾಡಕ್ಕ ಸೇರಸಬೇಕು' ಎಂಬುದು ಅಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಗೇಲಿ. ದಕ್ಷಿಣದಲ್ಲಿ ಅದೇ ಗೇಲಿಗೆ ನಿಮ್ಹಾನ್ಸ್ ಎಂಬ ಹೆಸರು ಸಾಕು. ಬೋರ್ಡು ಎಷ್ಟು ಸಲ ಬದಲಾದರೂ ಗೇಲಿ ಮಾತ್ರ ಹೊಸ ಹೆಸರಿಗೆ ಬೇಗ ಹೊಂದಿಕೊಳ್ಳುತ್ತದೆ.

ಈ ಸಂಸ್ಥೆಗಳ ಹಳೆಯ ಇತಿಹಾಸದಲ್ಲಿ ಅಧಿಕಾರಿಗಳು, ವೈದ್ಯರು, ಕಟ್ಟಡ, ಖರ್ಚು ಎಲ್ಲವೂ ಸಿಗುತ್ತವೆ. ಒಳಗಿದ್ದವರ ಮಾತು ಸಿಗುವುದಿಲ್ಲ. ಅವರು ಅಲ್ಲಿ ಬರೀ ಸಂಖ್ಯೆ. 1912ರ ಇಂಡಿಯನ್ ಲುನಸಿ ಆಕ್ಟ್ ಕೂಡ ಅವರನ್ನು ಹೇಗೆ ಒಳಗೆ ಸೇರಿಸಬೇಕು, ಯಾರ ಅಪ್ಪಣೆಯಿಂದ ಹೊರಗೆ ಬಿಡಬೇಕು ಎಂಬುದನ್ನೇ ಮುಖ್ಯವಾಗಿ ಚಿಂತಿಸಿತ್ತು.

ಅಮೆರಿಕದಲ್ಲಿ ಈ ಮೌನ ಮುರಿದದ್ದು ಒಂದು ಆತ್ಮಕಥೆಯಿಂದ ಎಂಬುದು ಕುತೂಹಲದ ಸಂಗತಿ. ಯೇಲ್ ವಿಶ್ವವಿದ್ಯಾಲಯದ ಪದವೀಧರ ಕ್ಲಿಫರ್ಡ್ ಬಿಯರ್ಸ್ 1900ರಲ್ಲಿ ತೀವ್ರ ಮಾನಸಿಕ ಕಾಯಿಲೆಗೆ ಒಳಗಾಗಿ, ಸಾಯಲು ಯತ್ನಿಸಿ ಬದುಕುಳಿದು, ಮೂರು ಆಸ್ಪತ್ರೆಗಳಲ್ಲಿ ಸುಮಾರು ಮೂರು ವರ್ಷ ಕಳೆದರು. ಅಲ್ಲಿ ತಾವು ತಿಂದ ಏಟು, ಕಟ್ಟಿಹಾಕಿಸಿಕೊಂಡ ರಾತ್ರಿಗಳು, ತಮ್ಮ ತಲೆಯಲ್ಲಿ ಓಡುತ್ತಿದ್ದ ಭ್ರಮೆಗಳು ಎಲ್ಲವನ್ನೂ 1908ರಲ್ಲಿ 'ಎ ಮೈಂಡ್ ದಟ್ ಫೌಂಡ್ ಇಟ್‌ಸೆಲ್ಫ್' ಎಂಬ ಪುಸ್ತಕದಲ್ಲಿ ಹೆಸರು ಸಮೇತ ಪ್ರಕಟಿಸಿದರು. ಮರುವರ್ಷವೇ ಆ ದೇಶದಲ್ಲಿ ಮಾನಸಿಕ ಆರೋಗ್ಯಕ್ಕೆಂದು ರಾಷ್ಟ್ರೀಯ ಸಮಿತಿ ಹುಟ್ಟಿತು. ಮುಂದೆ 1995ರಲ್ಲಿ ಕೇ ರೆಡ್‌ಫೀಲ್ಡ್ ಜೇಮಿಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಅವರು, ತಾವು ಪಾಠ ಹೇಳುವ ಕಾಯಿಲೆಯೇ ತಮಗೂ ಇದೆ ಎಂದು ಬರೆದುಕೊಂಡರು.

ಕನ್ನಡ ಬೇರೆ ದಾರಿ ಹಿಡಿಯಿತು. 'ಹುಚ್ಚು' ಎಂಬ ಪದವನ್ನು ತನಗೆ ತಾನೇ ಅಂಟಿಸಿಕೊಂಡ ದೊಡ್ಡ ಲೇಖಕರೆಂದರೆ ಶಿವರಾಮ ಕಾರಂತರು. ಅವರ ಆತ್ಮಕಥೆಯ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಆದರೆ ಅಲ್ಲಿನ ಹುಚ್ಚು ಕಾಯಿಲೆಯದಲ್ಲ. ನೂರೆಂಟು ಪ್ರಯೋಗಗಳಿಗೆ ಕೈಹಾಕುವ ಚಟದ್ದು, ಹಠದ್ದು. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಹುಚ್ಚು ಅದು. ಹೇಳಿಕೊಳ್ಳಲಾಗದ್ದು ಬರಬೇಕಾದರೆ ಕನ್ನಡಕ್ಕೆ ಕಾದಂಬರಿಯ ಮರೆ ಬೇಕಾಯಿತು.

ಆ ಮರೆಯನ್ನು ಕಟ್ಟಿಕೊಟ್ಟವರು ತ್ರಿವೇಣಿ. 1928ರಲ್ಲಿ ಹುಟ್ಟಿದ ಅನಸೂಯಾ, ಬಿ.ಎಂ.ಶ್ರೀಯವರ ಬಂಧುವರ್ಗದವರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವರು. ಕೇವಲ ಹತ್ತು ವರ್ಷಗಳ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ 'ಶರಪಂಜರ'ದ ನಾಯಕಿ ಕಾವೇರಿ ಬಾಣಂತನದಲ್ಲಿ ಮನಸ್ಸಿನ ಹತೋಟಿ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಗೆ ಸೇರುತ್ತಾಳೆ. ಗುಣವಾಗಿ ಮನೆಗೆ ಮರಳುತ್ತಾಳೆ. ಸಾಮಾನ್ಯ ಕಥೆಯಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ತ್ರಿವೇಣಿಯವರ ಕಥೆ ಮುಖ್ಯವಾಗುವುದು ಅಲ್ಲಿಂದ ಮುಂದಕ್ಕೆ. ವೈದ್ಯರು ಗುಣವಾಗಿದೆ ಎಂದರೂ ಮನೆ ಅದನ್ನು ನಂಬುವುದಿಲ್ಲ. ಅವಳು ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸಿಟ್ಟಾದರೆ ಕಾಯಿಲೆ ಮರುಕಳಿಸಿತು ಎಂಬ ತೀರ್ಮಾನ. ಗಂಡನ ನಡತೆಯ ಬಗ್ಗೆ ಅವಳಾಡುವ ನಿಜವಾದ ಮಾತೂ ಹುಚ್ಚಿಯ ಮಾತಾಗುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಆ ಪಾತ್ರಕ್ಕೆ ಕೊಟ್ಟ ಮುಖ ಒಂದು ತಲೆಮಾರಿನ ಕನ್ನಡಿಗರ ನೆನಪಿನಲ್ಲಿ ಉಳಿದಿದೆ. ಥಿಯೇಟರಿನಲ್ಲಿ ಅತ್ತ ಹೆಂಗಸರೆಲ್ಲ ಕಲ್ಪನಾಗಾಗಿ ಮಾತ್ರ ಅತ್ತರು ಎಂದು ಭಾವಿಸಲು ಕಾರಣವಿಲ್ಲ.

ಹೆರಿಗೆಯ ನಂತರ ಬರುವ ಮಾನಸಿಕ ತೊಂದರೆ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವಂಥದ್ದು, ಚಿಕಿತ್ಸೆಗೆ ಬಗ್ಗುವಂಥದ್ದು. ಚಿತ್ರದುರ್ಗ, ತುಮಕೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇತ್ತೀಚಿನ ವರ್ಷಗಳವರೆಗೂ ಸುದ್ದಿಯಾಗುತ್ತಲೇ ಬಂದಿದೆ. ಮಳೆ, ಚಳಿ, ಹಾವು ಚೇಳುಗಳ ಅಪಾಯದ ಬಗ್ಗೆ ಆಗ ಚರ್ಚೆಯಾಗುತ್ತದೆ. ಆ ಗುಡಿಸಲಿನೊಳಗೆ ಒಬ್ಬಳೇ ಕೂತ ತಾಯಿಯ ಮನಸ್ಸಿಗೆ ಏನಾಗುತ್ತದೆ ಎಂಬುದು ಮಾತ್ರ ವರದಿಗೆ ಸಿಗುವುದಿಲ್ಲ. ಅಲ್ಲಿಂದ ಇನ್ನೂ ಯಾವ ಕಾವೇರಿಯೂ ಬರೆದಿಲ್ಲ.

ತ್ರಿವೇಣಿಯವರ ಜೊತೆಯಲ್ಲೇ ನೆನೆಯಬೇಕಾದ ಇನ್ನೊಬ್ಬರು ಡಾ. ಎಂ. ಶಿವರಾಂ. 'ರಾಶಿ' ಎಂಬ ಹೆಸರಿನಲ್ಲಿ 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ಈ ವೈದ್ಯರು ಮನಸ್ಸಿನ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ನಂತರ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್, ಶಿವಮೊಗ್ಗದ ಡಾ. ಅಶೋಕ್ ಪೈ ಮೊದಲಾದವರು ಹಳ್ಳಿಯ ಓದುಗನಿಗೂ ತಿಳಿಯುವ ಕನ್ನಡದಲ್ಲಿ ಸತತವಾಗಿ ಬರೆದರು. ಹಾಗೆ ನೋಡಿದರೆ ಕನ್ನಡದಷ್ಟು ಮನೋವೈದ್ಯ ಸಾಹಿತ್ಯ ಇರುವ ಭಾರತೀಯ ಭಾಷೆಗಳು ಕಡಿಮೆಯೇ ಇರಬಹುದು. ಆದರೆ ಅದೆಲ್ಲವೂ ವೈದ್ಯರ ಕುರ್ಚಿಯಿಂದ ಬಂದ ಮಾತು. ಎದುರು ಕೂತವರು ಅಲ್ಲಿಯೂ 'ಒಬ್ಬ ಯುವಕ', 'ಒಬ್ಬ ಗೃಹಿಣಿ'. ಗುಟ್ಟು ಕಾಪಾಡುವುದು ವೈದ್ಯರ ಧರ್ಮವಾದ್ದರಿಂದ ಅದು ಸರಿಯೇ. ಹೇಳಿಕೊಳ್ಳುವ ಹಕ್ಕು ಇದ್ದದ್ದು ಎದುರು ಕೂತವರಿಗೆ.

ಆ ಕಡೆಯಿಂದ ಗಟ್ಟಿಯಾದ ದನಿ ಬಂದದ್ದು ಬಹಳ ತಡವಾಗಿ, ಮತ್ತು ನಿರೀಕ್ಷಿಸದ ಜಾಗಗಳಿಂದ. ದಾವಣಗೆರೆಯಲ್ಲಿ ಹುಟ್ಟಿದ ಪತ್ರಕರ್ತೆ ಡಾ. ವಿಜಯಾ ತಮ್ಮ ದಾಂಪತ್ಯದ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಬರೆದ 'ಕುದಿ ಎಸರು' 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದಕ್ಕೆ ಮೊದಲೇ, 2015ರಲ್ಲಿ, ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆ ಇತ್ತು ಎಂದು ಟಿ.ವಿ.ಯಲ್ಲಿ ಹೇಳಿದ್ದರು. ಅವರು ಸ್ಥಾಪಿಸಿದ ಸಂಸ್ಥೆ ಹಳ್ಳಿಗಾಡಿನ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ದಾವಣಗೆರೆ ಜಿಲ್ಲೆಯನ್ನು. ಸಿನಿಮಾ ತಾರೆ ಹೇಳಿದ್ದು ಒಳ್ಳೆಯದೇ ಆಯಿತು. ಆದರೂ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದವರಿಗೆ ಆ ಬದುಕು ದೂರದ್ದು.

ಹತ್ತಿರದ್ದು ಎನ್ನಬಹುದಾದ ಪುಸ್ತಕ 'ನಡುವೆ ಸುಳಿವ ಹೆಣ್ಣು'. ಇದು ಮಂಜಮ್ಮ ಜೋಗತಿಯವರ ಆತ್ಮಕಥನ. ಹೇಳಿದವರು ಮಂಜಮ್ಮ, ಕೇಳಿ ಬರಹಕ್ಕಿಳಿಸಿದವರು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಹೆಸರನ್ನು ಕೇಳಿದೊಡನೆ ದೇವರ ದಾಸಿಮಯ್ಯನ ಪ್ರಸಿದ್ಧ ವಚನ ಕನ್ನಡಿಗರ ನೆನಪಿಗೆ ಬರುತ್ತದೆ. ಮೈಯ ಗುರುತು ನೋಡಿ ಇವಳು ಹೆಣ್ಣು, ಇವನು ಗಂಡು ಎಂದು ಲೋಕ ತೀರ್ಮಾನಿಸುವುದನ್ನು ಆ ಹಳೆಯ ನೇಕಾರ ಪ್ರಶ್ನಿಸಿದ್ದ. ದೊಡ್ಡ ತತ್ತ್ವವೆಂದು ನಾವು ಎಂಟು ನೂರು ವರ್ಷ ತಲೆದೂಗಿದ ಆ ಮಾತು ಒಬ್ಬರ ಮೈಯಲ್ಲಿ ನಿಜವಾಗಿ ನಿಂತಾಗ ಏನಾಯಿತು ಎಂಬುದು ಈ ಪುಸ್ತಕದ ಕಥೆ.

ಬಳ್ಳಾರಿ ಜಿಲ್ಲೆಯ ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿ ಎಂಬ ಹುಡುಗ ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ತಾನು ಹೆಣ್ಣು ಎಂದು ಅರಿತ. ಟವೆಲನ್ನು ಲಂಗದಂತೆ ಸುತ್ತಿಕೊಳ್ಳುವುದು, ಹುಡುಗಿಯರ ಜೊತೆ ಆಡುವುದು, ಮನೆಗೆಲಸದಲ್ಲಿ ತಾಯಿಗೆ ನೆರವಾಗುವುದು. ಮನೆಯವರು ಮೊದಲು ಹೊಡೆದು ನೋಡಿದರು. ಆಮೇಲೆ ದೇವರಿಗೆ ಕರೆದೊಯ್ದರು. ಕೊನೆಗೆ 1975ರಲ್ಲಿ ತುಂಗಭದ್ರಾ ದಂಡೆಯ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು. ಗಂಡು ಮಕ್ಕಳ ಉಡಿದಾರವನ್ನು ಕತ್ತರಿಸಿ, ಸೀರೆ ಉಡಿಸಿ, ಬಳೆ ತೊಡಿಸಿ, ಕೊರಳಿಗೆ ಮುತ್ತಿನ ಸರ ಹಾಕಿ ದೇವಿಗೆ ಒಪ್ಪಿಸುವ ಸಂಪ್ರದಾಯವದು. ಹೆತ್ತ ತಾಯಿಗೆ ಅದು ಮಗನನ್ನು ಕಳೆದುಕೊಂಡ ದಿನ. ಮಗನ ಪಾಲಿಗೆ ತನ್ನ ಮೈಗೆ ತಕ್ಕ ಬಟ್ಟೆ ಸಿಕ್ಕ ದಿನ, ಮನೆ ತಪ್ಪಿದ ದಿನವೂ ಅದೇ.

ಈ ಸಂಪ್ರದಾಯದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸವದತ್ತಿಯ ಯಲ್ಲಮ್ಮ, ಹುಲಿಗೆಮ್ಮ, ಚಿತ್ರದುರ್ಗದ ಉಚ್ಚಂಗಿ ಯಲ್ಲಮ್ಮ, ಹೀಗೆ ಈ ಇಡೀ ಪ್ರದೇಶ ದೇವಿಯ ಸೀಮೆ. ಮಂಗಳವಾರ, ಶುಕ್ರವಾರ ತಲೆಯ ಮೇಲೆ ಜಗ ಹೊತ್ತು, ಚೌಡಿಕೆ ಬಾರಿಸುತ್ತ ಬಾಗಿಲಿಗೆ ಬರುವ ಜೋಗತಿಯರನ್ನು ಇಲ್ಲಿನ ಹಳ್ಳಿಗಳು ತಲೆಮಾರುಗಳಿಂದ ಕಂಡಿವೆ. ಹರಿಯಬ್ಬೆ ಎಂಬ ಹೆಸರಿನಲ್ಲಿಯೇ ತಾಯಿ ಎಂಬರ್ಥದ 'ಅಬ್ಬೆ' ಎಂಬ ಹಳಗನ್ನಡದ ಪದ ಕೇಳಿಸುತ್ತದೆ. ಗಂಡಿನ ಮೈಯಲ್ಲಿ ಹೆಣ್ಣು ಮನಸ್ಸು ಇರಬಹುದು ಎಂಬುದನ್ನು ಆಧುನಿಕ ವಿಜ್ಞಾನ ಒಪ್ಪುವ ಎಷ್ಟೋ ಮೊದಲು ಈ ಸೀಮೆ ಒಪ್ಪಿಕೊಂಡಿತ್ತು, ಅದಕ್ಕೊಂದು ಹೆಸರನ್ನೂ ಉಡುಪನ್ನೂ ಕೊಟ್ಟಿತ್ತು. ಆದರೆ ಕೊಟ್ಟದ್ದು ಮನೆಯ ಹೊರಗಿನ ಜಾಗ. ಕೈಮುಗಿಯುತ್ತಾರೆ, ಜೋಳಿಗೆಗೆ ಜೋಳ ಹಾಕುತ್ತಾರೆ, ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಹೆಣ್ಣುಮಕ್ಕಳನ್ನು ಇದೇ ದೇವಿಯ ಹೆಸರಿನಲ್ಲಿ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ದೇವಿಯ ನೆರಳು ತಂಪೂ ಹೌದು, ದೇವಿಯ ಹೆಸರಿನಲ್ಲಿ ಮನೆಯವರು ಕೈತೊಳೆದುಕೊಂಡದ್ದೂ ಹೌದು. ಮಂಜಮ್ಮನವರ ಬದುಕಿನಲ್ಲಿ ಈ ಎರಡರ ಲೆಕ್ಕವೂ ಸಿಗುತ್ತದೆ. ಅವರು ದೇವಿಯನ್ನು ಬಿಟ್ಟವರಲ್ಲ, ತಮಗಾದದ್ದನ್ನು ಮುಚ್ಚಿಟ್ಟವರೂ ಅಲ್ಲ.

ಆಮೇಲಿನ ವರ್ಷಗಳು ಸುಲಭದವಲ್ಲ. ಅವರು ಸಾಯಲು ಯತ್ನಿಸಿ ಬದುಕುಳಿದರು. ಮನೆ ಬಿಟ್ಟರು, ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾರಿಯಲ್ಲಿ ಒಮ್ಮೆ ಗಂಡಸರ ಗುಂಪೊಂದು ಅವರ ಮೇಲೆ ಎರಗಿ ಹಣವನ್ನೂ ಕಿತ್ತುಕೊಂಡಿತು. ಮತ್ತೆ ಸಾವಿನ ಯೋಚನೆ ಬಂತು. ಆ ದಿನಗಳಲ್ಲೇ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅವರ ಕಣ್ಣಿಗೆ ಬಿದ್ದವರು ತಂದೆ ಮಗ ಇಬ್ಬರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಇಟ್ಟುಕೊಂಡು ಕುಣಿಯುತ್ತಿದ್ದ. ಜೋಗತಿ ನೃತ್ಯ. ಮಂಜಮ್ಮ ನಿಂತು ನೋಡಿದರು. ಮರುದಿನದಿಂದ ಅವರಿದ್ದ ಗುಡಿಸಲಿಗೆ ಹೋಗಿ ಕಲಿಯತೊಡಗಿದರು. ದಾವಣಗೆರೆ ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಅಂದರೆ ಸಾಯಬೇಕೆಂದಿದ್ದ ಒಂದು ಜೀವ ಬದುಕುವ ಕಡೆಗೆ ತಿರುಗಿದ್ದು ಈ ಜಿಲ್ಲೆಯ ಒಂದು ಬಸ್ ನಿಲ್ದಾಣದಲ್ಲಿ.

ಅಲ್ಲಿಂದ ಅವರಿಗೆ ಸಿಕ್ಕ ಗುರು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿ. ಯಲ್ಲಮ್ಮನ ಕಥೆಯನ್ನು ಹಾಡು, ಮಾತು, ಕುಣಿತಗಳಲ್ಲಿ ಆಡುವ ಕಾಳವ್ವನ ತಂಡದಲ್ಲಿ ಮಂಜಮ್ಮ ಪಳಗಿದರು. ರೇಣುಕೆಯ ತಲೆ ಕಡಿಯುವುದು, ಕಡಿದ ತಲೆ ಮತ್ತೆ ಮುಂಡಕ್ಕೆ ಕೂಡುವುದು ಆ ಕಥೆಯ ತಿರುಳು. ತಲೆಯ ಮೇಲಿನ ಕೊಡ ಬೀಳದಂತೆ ಕುಣಿಯುವುದಕ್ಕೆ ಕತ್ತಿನ ನರಗಳ ಮೇಲೆ ಎಂಥ ಹತೋಟಿ ಬೇಕೆಂಬುದನ್ನು ನೋಡಿದವರೇ ಬಲ್ಲರು. ಬಾಗಿಲಿನಿಂದ ಬಾಗಿಲಿಗೆ ಹೋಗುತ್ತಿದ್ದ ಈ ಕುಣಿತ ವೇದಿಕೆಗೆ ಬಂತು. ಕಾಳವ್ವನ ಕಾಲಾನಂತರ ತಂಡದ ಹೊಣೆ ಮಂಜಮ್ಮನವರ ಹೆಗಲಿಗೆ ಬಿತ್ತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮಂಜಮ್ಮನವರಿಗೆ ಇದ್ದದ್ದು ಕಾಯಿಲೆಯೇ? ಹೆಣ್ಣೆಂದು ಅರಿತದ್ದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದು ಬಹಳ ಕಾಲ ಮಾನಸಿಕ ವಿಕಾರಗಳ ಅಧ್ಯಾಯದಲ್ಲಿತ್ತು ಎಂಬುದು ನಿಜ. 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಅದನ್ನು ಆ ಅಧ್ಯಾಯದಿಂದ ತೆಗೆದುಹಾಕಲಾಗಿದೆ. ಸಾಯಬೇಕೆನಿಸಿದ್ದು, ನಿದ್ದೆಗೆಟ್ಟದ್ದು, ಯಾರಿಗೂ ಬೇಡವಾದೆ ಎಂಬ ಕೊರಗು ಮನಸ್ಸಿನ ನೋವು. ಅದನ್ನು ಹುಟ್ಟಿಸಿದ್ದು ಸುತ್ತಲಿನವರ ಏಟು, ನಗೆ, ಮುಚ್ಚಿದ ಬಾಗಿಲು. ಒಂದಕ್ಕೆ ಚಿಕಿತ್ಸೆ ಬೇಕಿಲ್ಲ, ಇನ್ನೊಂದಕ್ಕೆ ಬೇಕು. ಹಳ್ಳಿಗಳಲ್ಲಿ ಆಗುವುದು ಬಹಳ ಸಲ ಇದಕ್ಕೆ ತಿರುಗುಮುರುಗು. ಮಗ ಹೆಣ್ಣಿನಂತೆ ನಡೆದರೆ ಅದನ್ನು ಬಿಡಿಸಲು ಮಂತ್ರವಾದಿಯ ಹತ್ತಿರ ಓಡುತ್ತಾರೆ. ಅದೇ ಹುಡುಗ ಊಟ ಬಿಟ್ಟು ಮೂಲೆ ಹಿಡಿದರೆ ತಾನಾಗಿ ಸರಿಹೋಗುತ್ತಾನೆ ಎಂದು ಸುಮ್ಮನಾಗುತ್ತಾರೆ.

ಇನ್ನೊಂದು ಸಂಗತಿ. ಮಂಜಮ್ಮ ಸಾಯಲು ಯತ್ನಿಸಿದ ಕಾಲದಲ್ಲಿ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಅದು ಅಪರಾಧ. ಬದುಕುಳಿದವರಿಗೆ ಒಂದು ವರ್ಷದವರೆಗೆ ಸಜೆ ಕೊಡಬಹುದಾಗಿತ್ತು. ಆಸ್ಪತ್ರೆಗೆ ಒಯ್ದ ಮನೆಯವರು ಪೊಲೀಸರ ಭಯಕ್ಕೆ ಆಕಸ್ಮಿಕವೆಂದು ಸುಳ್ಳು ಹೇಳುವುದು ಆಗ ಮಾಮೂಲು. ಸುಳ್ಳು ಹೇಳಿದ ಮೇಲೆ ಮನಸ್ಸಿನ ವೈದ್ಯರಿಗೆ ತೋರಿಸುವುದು ಎಲ್ಲಿಂದ ಬಂತು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಕೂಡದು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದು ಹೇಳಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡಿ ಬೆದರಿಸುವುದಷ್ಟೇ ಈಗ ಅಪರಾಧವಾಗಿ ಉಳಿದಿದೆ. ನಲವತ್ತು ವರ್ಷ ಮೊದಲೇ ಇದಾಗಿದ್ದರೆ ಎಷ್ಟು ಮನೆಗಳ ಸುಳ್ಳು ತಪ್ಪುತ್ತಿತ್ತೋ ಲೆಕ್ಕವಿಲ್ಲ.

ಮಂಜಮ್ಮನವರ ಜಿಲ್ಲೆಗೆ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬೇರೊಂದು ಹೆಸರೂ ಇದೆ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ನಡುಭಾಗದಲ್ಲಿ, ತಾಲ್ಲೂಕು ಮಟ್ಟದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಮಾತ್ರೆ ಸಿಗುವಂತೆ ಮಾಡುವ ಪ್ರಯೋಗ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ವಿಸ್ತರಿಸತೊಡಗಿತು. ಕಲ್ಲುಕಂಬದ ಹುಡುಗನಿಗೆ ಅದು ಹತ್ತು ವರ್ಷ ತಡವಾಗಿ ಬಂತು. ಮೊದಲೇ ಬಂದಿದ್ದರೂ ಆಗಿನ ವೈದ್ಯಶಾಸ್ತ್ರ ಅವನಿಗೆ ಏನು ಹೇಳುತ್ತಿತ್ತೋ! ಬಸ್ ನಿಲ್ದಾಣದ ಆ ತಂದೆ ಮಗ ಎದುರಾದದ್ದೇ ವಾಸಿ ಎನಿಸಿದರೆ ಆಶ್ಚರ್ಯವಿಲ್ಲ.

ಇಂಥ ಪುಸ್ತಕ ಓದಿದವರಿಗೆ ಸಮಾಧಾನ ಸಿಗುವುದು ಏಕೆ? ಕಷ್ಟದಿಂದ ಮೇಲೆ ಬಂದವರ ಜೀವನಚರಿತ್ರೆಗಳಿಗೆ ಕನ್ನಡದಲ್ಲಿ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಓದುಗನನ್ನು ಇನ್ನಷ್ಟು ಸಣ್ಣವನನ್ನಾಗಿ ಮಾಡುತ್ತವೆ. ಅವರಿಗಿದ್ದ ಛಲ ನನಗಿಲ್ಲವಲ್ಲ ಎನಿಸುತ್ತದೆ. ಮಂಜಮ್ಮನವರ ಕಥನದಲ್ಲಿ ಸೋತ ದಿನಗಳನ್ನು ಗೆಲುವಿನ ಪೀಠಿಕೆಯಾಗಿ ಅಲಂಕರಿಸಿಲ್ಲ. ಸಾಯಬೇಕೆನಿಸಿತು ಎಂದರೆ ಎನಿಸಿತು. ಬೇಡಿ ತಿಂದೆ ಎಂದರೆ ತಿಂದೆ. ಪ್ರಶಸ್ತಿ ಬಂದ ಮೇಲೆ ಹಿಂದಿನದನ್ನು ಒರೆಸಿಹಾಕುವ ಆತುರವೂ ಇಲ್ಲ. ತನ್ನಂತೆಯೇ ಇನ್ನೊಂದು ಜೀವಕ್ಕೂ ಹೀಗೆನಿಸಿತ್ತು, ಆ ಜೀವ ಕಥೆ ಹೇಳಲು ಉಳಿದಿದೆ ಎಂಬುದಷ್ಟೇ ಓದುಗನ ಕೈಗೆ ಸಿಗುವುದು. ಮೂಲೆ ಹಿಡಿದು ಕೂತವನಿಗೆ ಉಪದೇಶಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಪುಸ್ತಕ ಓದಲಾರದವರಿಗೂ ಇದು ದಕ್ಕುತ್ತದೆ, ಏಕೆಂದರೆ ಮಂಜಮ್ಮ ಇದೇ ಕಥೆಯನ್ನು ಶಾಲೆ ಕಾಲೇಜುಗಳ, ಸಭೆಗಳ ವೇದಿಕೆಯಲ್ಲಿ ಬಾಯಿಬಿಟ್ಟು ಹೇಳುತ್ತ ಬಂದಿದ್ದಾರೆ.

ಆದರೆ ಪುಸ್ತಕ ಔಷಧಿಯ ಬದಲಿಗೆ ಆಗದು. ಖಿನ್ನತೆ, ಚಿತ್ತವಿಕಲತೆ ಮೊದಲಾದವುಗಳಿಗೆ ವೈದ್ಯರು ಬೇಕೇ ಬೇಕು. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಖರ್ಚಿಲ್ಲದೆ ಹಗಲು ರಾತ್ರಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದಕ್ಕೂ ಮಾರ್ಗದರ್ಶನ ಮಾಡುತ್ತಿರುವುದು ನಿಮ್ಹಾನ್ಸ್. ಕರೆ ಮಾಡಿದವರ ಗುಟ್ಟು ಅಲ್ಲಿ ಗುಟ್ಟಾಗಿಯೇ ಇರುತ್ತದೆ. ಹೆಸರು ಬೇಡ ಎನ್ನುವವರ ಮೇಲೆ ಬೇಸರಪಟ್ಟುಕೊಳ್ಳುವ ಅಗತ್ಯವಿಲ್ಲ. ಎಲ್ಲರೂ ಮಂಜಮ್ಮನವರಂತೆ ಹೆಸರು ಹಾಕಿ ಬರೆಯಲೇಬೇಕೆಂಬುದು ಇನ್ನೊಂದು ಬಗೆಯ ಒತ್ತಾಯವಾದೀತು. ಮಗಳ ಮದುವೆ ತಪ್ಪುತ್ತದೆಂಬ ತಾಯಿಯ ಭಯ ಇನ್ನೂ ಸುಳ್ಳಾಗಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಮಂಜಮ್ಮನವರ ಸಮುದಾಯಕ್ಕೆ ಕಾಲ ಸ್ವಲ್ಪ ಸರಿದಿದೆ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತಾನು ಯಾವ ಲಿಂಗದವರೆಂದು ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ಕೊಟ್ಟಿತು. ದೇಶದಲ್ಲಿ ಇದನ್ನು ಮಾಡಿದ ಮೊದಲ ರಾಜ್ಯವಿದು.

ಅದೇ 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಪ್ರದಾನ ನಡೆಯಿತು. ಹೆಸರು ಕರೆದಾಗ ಸೀರೆಯುಟ್ಟ ಮಂಜಮ್ಮ ಜೋಗತಿ ಎದ್ದು ಬಂದರು. ನೆಲ ಮುಟ್ಟಿ ನಮಸ್ಕರಿಸಿದರು. ಪದಕ ಪಡೆಯುವ ಮೊದಲು ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ಸೆರಗಿನ ಅಂಚು ಹಿಡಿದು ಜೋಗತಿಯರ ರೀತಿಯಲ್ಲಿ ದೃಷ್ಟಿ ತೆಗೆದರು. ಶಿಷ್ಟಾಚಾರದ ಪಟ್ಟಿಯಲ್ಲಿ ಇಲ್ಲದ ಈ ಕ್ರಿಯೆ ಮುಗಿಯುವವರೆಗೆ ರಾಷ್ಟ್ರಪತಿಗಳು ನಗುತ್ತ ನಿಂತಿದ್ದರು. ಸಭೆ ಚಪ್ಪಾಳೆ ತಟ್ಟಿತು.